ಹುಣಸೆಹಣ್ಣು ತಿಕ್ಕಿದ ಲಂಡನ್ ಕಾರು

ಕೊಯಮತ್ತೂರು ಸೀಮೆಯ ಪಲ್ಲಡದ ನಮ್ಮ ದೇವಾಂಗರ ಬೀದಿಯಲ್ಲಿ ಒಬ್ಬರು ಹಸು ಸಾಕಿದರು, ಒಬ್ಬರು ಕೋಳಿ ಸಾಕಿದರು. ನೂಲಿನ ವ್ಯಾಪಾರದ ಬೆಳ್ಳಿಯಪ್ಪ ಮಾತ್ರ ಭಯ ಸಾಕಿದ. ಸುಮ್ಮನೆ ಸಾಕಲಿಲ್ಲ, ಹೊತ್ತು ಹೊತ್ತಿಗೆ ಮೇವು ಹಾಕಿ, ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ ಸಾಕಿದ. ಹಲ್ಲಿ ಲೊಚಗುಟ್ಟಿದರೆ ಅವನಿಗೆ ಭಯ. ಲೊಚಗುಟ್ಟದಿದ್ದರೆ, ಇದು ಯಾಕೆ ಸುಮ್ಮನಿದೆ, ಏನನ್ನು ಮುಚ್ಚಿಡುತ್ತಿದೆ ಅಂತ ಭಯ. ನೀಲಗಿರಿಯ ಪೈಕಾರಾ ಹೊಳೆಯ ಕರೆಂಟು ನಮ್ಮೂರಿಗೆ ಬಂದ ಹೊಸದರಲ್ಲಿ ತಂತಿಯ ಕೆಳಗೆ ಕೊಡೆ ಬಿಚ್ಚಿಕೊಂಡು ನಡೆಯುತ್ತಿದ್ದ. ಬಿಸಿಲಿಗಲ್ಲ, ಮಳೆಗಲ್ಲ; ಕರೆಂಟು ತೊಟ್ಟಿಕ್ಕೀತು ಅಂತ.

ಈ ಎಲ್ಲ ಭಯಗಳ ಮಂದೆಗೆ ಮುಂದಾಳಾಗಿ ಒಂದು ದೊಡ್ಡ ಭಯವಿತ್ತು. ಅದೇ ಪೊಲೀಸು. ಅದಕ್ಕೆ ಕಾರಣ ಇಲ್ಲದಿಲ್ಲ. ಅವನ ಚಿಕ್ಕಪ್ಪ ಒಂದು ಸಲ ದನದ ಸಂತೆಯಲ್ಲಿ ಚೆಂದದ ಎತ್ತೊಂದನ್ನು ಕೊಂಡು ತಂದಿದ್ದ. ನಮ್ಮ ಸೀಮೆಯಲ್ಲಿ ಎತ್ತಿನ ತೊಡೆಗೆ ಒಡೆಯ ತನ್ನ ಗುರುತಿನ ಬರೆ ಹಾಕಿಸಿರುತ್ತಾನೆ. ಹಳೆಯ ಬರೆಯ ಮೇಲೆ ಹೊಸ ಬರೆ ಇದ್ದರೆ ಆ ಎತ್ತು ಕದ್ದದ್ದು ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ಚಿಕ್ಕಪ್ಪ ಎತ್ತಿನ ಹಲ್ಲು ನೋಡಿದ, ಸುಳಿ ನೋಡಿದ, ಬಾಲ ಎಳೆದು ನೋಡಿದ. ತೊಡೆ ನೋಡಲಿಲ್ಲ. ಕದ್ದವನು ಓಡಿಹೋದ, ಕೊಂಡವನು ಜೈಲಿಗೆ ಹೋಗಿ ಎಣ್ಣೆಯ ಗಾಣ ಎಳೆದ. ಬಿಡುಗಡೆಯಾಗಿ ಬಂದ ಮೇಲೂ ಯಾರಾದರೂ ಕರೆದರೆ ಆ ಮನುಷ್ಯ ನೆಟ್ಟಗೆ ಬರುತ್ತಿರಲಿಲ್ಲ. ಒಂದು ಸುತ್ತು ಹೊಡೆದೇ ಬರುತ್ತಿದ್ದ. ಅದನ್ನು ನೋಡಿಯೇ ಬೆಳ್ಳಿಯಪ್ಪ ಬೆಳೆದದ್ದು.

ಇಂಥವನು ಕಾರು ಯಾಕೆ ಕೊಂಡ ಅಂತ ಕೇಳುತ್ತೀರಿ. ಎದುರುಮನೆಯ ಸೆಲ್ಲಪ್ಪನ್ ಕೊಂಡಿದ್ದ, ಅದಕ್ಕೇ ಕೊಂಡ. ಪ್ರಪಂಚದ ಅರ್ಧ ವ್ಯಾಪಾರ ಎದುರುಮನೆಯಿಂದಲೇ ನಡೆಯುವುದು.

ಸೆಲ್ಲಪ್ಪನ್ ಹತ್ತಿ ಮಂಡಿಯವನು, ತಮಿಳಿನವನು. ಆದರೆ ನಮ್ಮ ಬೀದಿಯಲ್ಲೇ ಹುಟ್ಟಿ, ನಮ್ಮ ಕನ್ನಡದಲ್ಲೇ ಬೈದು ಬೈಸಿಕೊಂಡು ಬೆಳೆದವನು. ಅವನದು ಮದರಾಸಿನಿಂದ ತಂದ ಅಮೆರಿಕದ ಕಾರು. ಮೂತಿಯ ಮೇಲೆ ಇಂಗ್ಲಿಷಿನಲ್ಲಿ 'ಮಿಸೌರಿ' ಅಂತ ದಪ್ಪಗೆ ಒತ್ತಿತ್ತು. ಒಂದು ವರ್ಷ ಅದನ್ನು ನೋಡಿ ನೋಡಿ ಬೆಳ್ಳಿಯಪ್ಪನ ಹೊಟ್ಟೆಯೊಳಗೂ ಅದೇ ಹೆಸರು ಒತ್ತಿಕೊಂಡಿತು. ಅಷ್ಟರಲ್ಲಿ ವಾಲ್ಪಾರೆಯ ಟೀ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ವಾಪಸು ಹೊರಟ. ಬರುವಾಗ ಹಡಗಿನಲ್ಲಿ ಹಾಕಿಕೊಂಡು ತಂದಿದ್ದ ಕಾರನ್ನು ಇಲ್ಲೇ ಮಾರಿಹೋದ. ಅದನ್ನು ಬೆಳ್ಳಿಯಪ್ಪ ಕೊಂಡ. ಅದರ ಮೂತಿಯ ಮೇಲೆ ಅಂಗೈಯಗಲದ ಬಿಲ್ಲೆ. ನೀಲಿ ಬಣ್ಣ, ನಡುವೆ ಸಿಂಹ, ಸಿಂಹದ ಕೆಳಗೆ 'ವಿಂಡರ್ಮಿಯರ್' ಅಂತ ಹೆಸರು.

"ಅಸಲು ಲಂಡನ್ ಕಾರು ಕಣಯ್ಯ ಸೆಲ್ಲಪ್ಪಾ" ಅಂತ ಬೆಳ್ಳಿಯಪ್ಪ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. "ಅಮೆರಿಕದ ತಗಡಲ್ಲ."

"ಬೆಳ್ಳಿಯಣ್ಣ, ನಿಮ್ಮದಕ್ಕೂ ನಾಲ್ಕೇ ಚಕ್ರ, ನನ್ನದಕ್ಕೂ ನಾಲ್ಕೇ ಚಕ್ರ."

"ಕತ್ತೆಗೂ ನಾಲ್ಕು ಕಾಲು, ಆನೆಗೂ ನಾಲ್ಕು ಕಾಲು. ಹಾರನ್ ಕೇಳಿ ನೋಡು. ನಿನ್ನ ಕಾರು 'ಏಯ್, ಸರಿಯೋ' ಅನ್ನುತ್ತೆ. ನನ್ನದು 'ಸ್ವಲ್ಪ ದಾರಿ ಬಿಡ್ತೀರಾ' ಅನ್ನುತ್ತೆ. ದೊರೆಗಳ ವಂಶ ಅಂದರೆ ಅದು."

ಪಕ್ಕದ ಮನೆಯ ರಾಮಾತಾಳ್ ಅಜ್ಜಿ ಜಗಲಿಯ ಮೇಲೆ ಕೂತು ಎರಡು ಕಾರನ್ನೂ ನೋಡಿತು. ಎರಡೂ ಕಪ್ಪು, ಎರಡಕ್ಕೂ ಒಂದೇ ಬೆನ್ನು, ಒಂದೇ ಕಣ್ಣು. "ಯಾಕೋ ಬೆಳ್ಳಿ, ಎರಡೂ ಒಂದೇ ತಾಯಿ ಹೆತ್ತ ಹಾಗಿದೆಯಲ್ಲೋ?"

"ಅಜ್ಜೀ, ಕಣ್ಣಿಗೆ ಪೊರೆ ಬಂದಿದೆ ನಿನಗೆ. ಕೊಯಮತ್ತೂರು ಆಸ್ಪತ್ರೆಗೆ ನನ್ನ ಕಾರಿನಲ್ಲೇ ಕಳಿಸ್ತೀನಿ, ಹೋಗಿ ಕತ್ತರಿಸಿಕೊಂಡು ಬಾ."

ಇನ್ನು ಬೆಳ್ಳಿಯಪ್ಪನ ಹೆಂಡತಿ ಕನ್ನಿಯಮ್ಮಾಳ್. ಗಂಡನಿಗೆ ಕೊಡಬೇಕಾದ ಧೈರ್ಯವನ್ನೂ ದೇವರು ಕೈತಪ್ಪಿ ಈಕೆಗೇ ಕೊಟ್ಟುಬಿಟ್ಟಿದ್ದ. ಹಾವು ಬಂದರೆ ಪೊರಕೆಯಲ್ಲಿ ಗುಡಿಸಿ ಆಚೆ ಹಾಕುವವಳು. ಅವಳಿಗಿದ್ದದ್ದು ಒಂದೇ ಒಂದು ಹೆದರಿಕೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಹೇಳಿದರೆ ಹೇಳಿದಷ್ಟೂ ಗಂಡನ ಆಯುಸ್ಸು ಸವೆಯುತ್ತದೆ. ಹಾಗಾಗಿ ಬೆಳ್ಳಿಯಪ್ಪನ ಹೆಂಡತಿ ಬೆಳ್ಳಿಯ ಕುಂಕುಮದ ಬಟ್ಟಲನ್ನು 'ಆ ಬಿಳೀ ಬಟ್ಟಲು' ಅನ್ನುತ್ತಿದ್ದಳು. ಬೆಳ್ಳುಳ್ಳಿಯ ಮೊದಲ ಅರ್ಧದಲ್ಲೂ ಗಂಡ ಕೂತಿದ್ದಾನೆ ಅಂತ ಮದುವೆಯಾದಾಗಿನಿಂದ ಅಂಗಡಿಯವನ ಹತ್ತಿರ 'ಆ ನಾತದ ಗಡ್ಡೆ ಕೊಡಪ್ಪ' ಅಂತಲೇ ಕೇಳುತ್ತಿದ್ದಳು. ಅಂಗಡಿಯವನು ಎರಡು ಸಲ ಇಂಗು ಕೊಟ್ಟು ಬೈಸಿಕೊಂಡದ್ದೂ ಉಂಟು.

ಆಯುಧಪೂಜೆ ಬಂತು. ಮೂವತ್ತಾರನೇ ಇಸವಿಯದು. ಅಂದು ಮಗ್ಗಗಳಿಗೆ ರಜ. ಲಾಳಿಗಳೆಲ್ಲ ನಮ್ಮ ಕುಲದೇವಿ ಚೌಡಮ್ಮನ ಪಟದ ಮುಂದೆ ಕುಂಕುಮ ಇಟ್ಟುಕೊಂಡು ಮಲಗಿದ್ದವು. ಡ್ರೈವರ್ ತನ್ನ ಊರಿಗೆ ಹೋಗಿದ್ದ. ಕನ್ನಿಯಮ್ಮಾಳ್ ಅಂಗಳದಲ್ಲಿ ಕೂತು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಹಿತ್ತಾಳೆ ದೀಪಗಳನ್ನು ಬೆಳಗುತ್ತಿದ್ದಳು. ದೀಪ ಮುಗಿದವು, ಗಂಟೆ ಮುಗಿಯಿತು, ತಟ್ಟೆ ಮುಗಿಯಿತು. ಕೈಯಲ್ಲಿ ಇನ್ನೂ ಹುಣಸೆಹಣ್ಣು ಉಳಿದಿತ್ತು. ತಲೆ ಎತ್ತಿ ನೋಡಿದಳು. ಕಾರಿನ ಮೂತಿಯ ಸಿಂಹ ಮಂಕಾಗಿ ಕಂಡಿತು. ಪೂಜೆಯ ದಿನ ಇದೊಂದು ಯಾಕೆ ಕೊಳೆಯಾಗಿರಬೇಕು ಅಂತ ಅದಕ್ಕೂ ಹುಣಸೆಹಣ್ಣು ಮೆತ್ತಿ, ಪಾತ್ರೆಯ ತಳ ತಿಕ್ಕುವ ಹಾಗೆ ನಾಲ್ಕು ತಿಕ್ಕು ತಿಕ್ಕಿದಳು.

ಟಣ್!

"ಏನುಂಗ, ಸ್ವಲ್ಪ ಇಲ್ಲಿ ಬನ್ನಿ" ಅಂದಳು. "ನಿಮ್ಮ ಲಂಡನ್ನು ಕೈಗೇ ಬಂದುಬಿಡ್ತು."

ಬೆಳ್ಳಿಯಪ್ಪ ಓಡಿ ಬಂದ. ಸಿಂಹ ಅವಳ ಅಂಗೈಯಲ್ಲಿತ್ತು. ಸಿಂಹ ಇದ್ದ ಜಾಗದಲ್ಲಿ, ಕಾರಿನ ಲೋಹದಲ್ಲೇ ಒತ್ತಿದ ಬೇರೆ ಅಕ್ಷರಗಳಿದ್ದವು. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಇಡೀ ವರ್ಷ ಹೊಟ್ಟೆ ಉರಿದುಕೊಂಡು ನೋಡಿದ ಆ ಒಂದು ಸಾಲನ್ನು ಮಾತ್ರ ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದ. ಮಿಸೌರಿ!

ಎರಡು ಕೈಯಿಂದಲೂ ಆ ಅಕ್ಷರಗಳನ್ನು ಮುಚ್ಚಿ ಹಿಡಿದ.

"ಬರೆ ಮೇಲೆ ಬರೆ, ಕನ್ನೀ! ಬರೆ ಮೇಲೆ ಬರೆ!"

"ಅದೇನು ಎತ್ತಾ?"

"ಎತ್ತಿಗಿಂತ ಮೋಸ. ಎತ್ತಾದರೆ ಒಂದು ದಿನ ಸತ್ತಾದರೂ ಹೋಗುತ್ತೆ. ಇದು ಸಾಕ್ಷಿಗೆ ನಿಂತೇ ಇರುತ್ತಲ್ಲೇ! ಯಾವನೋ ಕದ್ದು, ಹಳೇ ಹೆಸರಿನ ಮೇಲೆ ಹೊಸ ಹೆಸರು ಹೊಡೆದು ದೊರೆಗೆ ಮಾರಿದ್ದಾನೆ. ದೊರೆ ಹಡಗು ಹತ್ತಿದ. ಈಗ ಗಾಣ ಎಳೆಯೋನು ಯಾರು?"

ಅಷ್ಟು ಹೇಳಿ ಬಾಯಿ ಮುಚ್ಚುವುದರೊಳಗೆ ಎದುರುಮನೆಯಿಂದ ಒಂದು ಕೂಗು ಬಂತು. ಭಯ ಸಾಕಿದವರಿಗೆ ಇದೊಂದು ಅನುಕೂಲ: ಕರೆಯದೇ ಇದ್ದರೂ ಸರಿಯಾದ ಹೊತ್ತಿಗೆ ಆ ಭಯದ ನೆಂಟರು ಬರುತ್ತಾರೆ.

"ಅಯ್ಯಯ್ಯೋ! ನನ್ನ ಕಾರು! ನನ್ನ ಕಾರು ಕಾಣೆ! ಯಾವನೋ ಹೊಡೆದುಕೊಂಡು ಹೋದ!"

ಸೆಲ್ಲಪ್ಪನ್ ಖಾಲಿ ಶೆಡ್ಡಿನ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ಕಾರಿಗೆ ಹಾಕಲು ತಂದ ಸೇವಂತಿಗೆ ಹಾರ, ಇನ್ನೊಂದು ಕೈಯಲ್ಲಿ ಒಡೆಯಬೇಕಾದ ಬೂದುಗುಂಬಳ. ಬೀದಿಯೆಲ್ಲ ಸೇರಿತು. ನಾನೂ ಹೋಗಿ ನಿಂತೆ.

"ಸ್ಟೇಷನ್ನಿಗೆ ಆಳು ಕಳಿಸಿದ್ದೀನಿ!" ಸೆಲ್ಲಪ್ಪನ್ ಕೂಗಿದ. "ಎಲ್ಲ ಗುರುತೂ ಹೇಳಿ ಕಳಿಸಿದ್ದೀನಿ! ಕಪ್ಪು ಬಣ್ಣ! ನಾಲ್ಕು ಬಾಗಿಲು! ಮೂತಿ ಮೇಲೆ ಮಿಸೌರಿ ಅಂತ ಒತ್ತಿದೆ!"

ಬಾಗಿಲ ಸಂದಿಯಿಂದ ಕೇಳುತ್ತಿದ್ದ ಬೆಳ್ಳಿಯಪ್ಪ ಹಿಂದಿರುಗಿ ತನ್ನ ಅಂಗಳ ನೋಡಿದ. ಕಪ್ಪು ಬಣ್ಣ. ನಾಲ್ಕು ಬಾಗಿಲು. ಮೂತಿ ಮೇಲೆ ಮಿಸೌರಿ.

"ನಂಬರು ಬೇರೆ ಇದೆಯಲ್ಲ, ಸುಮ್ಮನಿರಿ" ಅಂದಳು ಕನ್ನಿಯಮ್ಮಾಳ್.

"ಹೆಸರನ್ನೇ ಬದಲಾಯಿಸಿದವನಿಗೆ ನಂಬರು ಬದಲಾಯಿಸೋಕೆ ಎಷ್ಟು ಹೊತ್ತೇ?"

"ಬದಲಾಯಿಸಿದ್ದು ನೀವಲ್ಲವಲ್ಲ!"

"ಚಿಕ್ಕಪ್ಪನೂ ಬರೆ ಹಾಕಿರಲಿಲ್ಲ!" ಅಂತ ಬೆಳ್ಳಿಯಪ್ಪ ಅಳುವ ಹಾಗೆ ಹೇಳಿದ.

ಅಂಗಳದ ಆಚೆಗೆ ಅವರ ಮಗ್ಗದ ಮನೆ. ಹಿಂದೆ ಗಾಡಿ ನಿಲ್ಲಿಸುತ್ತಿದ್ದ ಜಾಗ, ಬಾಗಿಲು ಅಗಲ. ಕಾರು ನಡೆಸಲು ಬಾರದ ಗಂಡ ಮುಂದಿನಿಂದ ಎಳೆದ, ಬೇಡ ಬೇಡ ಅನ್ನುತ್ತಲೇ ಹೆಂಡತಿ ಹಿಂದಿನಿಂದ ತಳ್ಳಿದಳು. ಕಾರು ಒಳಗೆ ಉರುಳಿತು. ಆದರೆ ನೇಕಾರನ ಮಗನಾಗಿ ಹುಟ್ಟಿದವನು ಒಂದು ವಿಷಯ ಮರೆತಿದ್ದ. ನಮ್ಮ ಮಗ್ಗಗಳು ಕುಣಿಮಗ್ಗಗಳು. ನೇಯುವವನು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಗುಂಡಿ ಇರುತ್ತದೆ. ಬೆಳ್ಳಿಯಪ್ಪ ಪಕ್ಕಕ್ಕೆ ಹಾರಿಕೊಂಡ. ಕಾರಿನ ಮುಂದಿನ ಚಕ್ರಗಳು ಧಡ್ ಅಂತ ಆ ಗುಂಡಿಗೆ ಇಳಿದವು. ಲಂಡನ್ ಕಾರು ಬಾಲ ಎತ್ತಿ, ಮೂತಿ ಊರಿ, ನೇಯಲು ಕೂತ ಹಾಗೆ ಕೂತಿತು.

"ಮುಚ್ಚು, ಮುಚ್ಚು!" ಅಂತ ಬೆಳ್ಳಿಯಪ್ಪ ತಾನೇ ಬಣ್ಣದ ತೊಟ್ಟಿಗೆ ಓಡಿದ. ಹಿಂದಿನ ದಿನ ಕೆಂಪು ಬಣ್ಣದಲ್ಲಿ ಅದ್ದಿಟ್ಟ ನೂಲಿನ ಲಡಿಗಳು ಅಲ್ಲೇ ನೆನೆಯುತ್ತಿದ್ದವು. ಅವನ್ನೆಲ್ಲ ಹೊತ್ತು ತಂದು ಕಾರಿನ ಮೇಲೆ ಹೊದಿಸಿದ. ಬಾಗಿಲು ಹಾಕಿ, ಅಗುಳಿ ಹಾಕಿ, ಹೊಸ್ತಿಲ ಮೇಲೆ ಕೂತು ವಿಭೂತಿ ಬಳಿದುಕೊಂಡು ಚೌಡಮ್ಮನ ಹೆಸರು ಜಪಿಸತೊಡಗಿದ.

ಪೊಲೀಸು ಬಂದದ್ದು ಸೆಲ್ಲಪ್ಪನ ಮನೆಗೆ. ಇನ್‌ಸ್ಪೆಕ್ಟರ್ ವ್ಯಾಸರಾಯರು ಊರಿಗೆ ಹೊಸಬರು. ಕೊಯಮತ್ತೂರಿನ ಆರ್.ಎಸ್. ಪುರದ ಕಡೆಯವರು, ಮನೆಯಲ್ಲಿ ಕನ್ನಡ ಆಡುವ ಜನವೇ. ಹಬ್ಬದ ಊಟದಿಂದ ಎಬ್ಬಿಸಿ ಕರೆತಂದಿದ್ದರಿಂದ ಮುಖ ಗಂಟಿಕ್ಕಿತ್ತು. ಖಾಲಿ ಶೆಡ್ಡು ನೋಡಿ, ಇನ್ನೇನು ಹೊರಡಬೇಕು, ಆಗ ರಾಮಾತಾಳ್ ಅಜ್ಜಿಯ ಕಿರುಚು ಬೀದಿ ಸೀಳಿತು.

"ರಕ್ತ! ಬೆಳ್ಳಿ ಮನೆಯಿಂದ ರಕ್ತ!"

ನೋಡಿದೆವು. ಮಗ್ಗದ ಮನೆಯ ಬಾಗಿಲಿನ ಅಡಿಯಿಂದ ಕೆಂಪಗೆ, ಮಂದವಾಗಿ, ಅಂಗಳ ದಾಟಿ, ರಂಗೋಲಿ ಅಳಿಸಿಕೊಂಡು, ಬೀದಿಯ ಮೋರಿಗೆ ಹರಿಯುತ್ತಿತ್ತು. ಹೆಂಗಸರು ಕಣ್ಣು ಮುಚ್ಚಿಕೊಂಡರು, ಬೆರಳ ಸಂದಿಯಿಂದ ನೋಡಿದರು.

ವ್ಯಾಸರಾಯರು ಅಂಗಳಕ್ಕೆ ನುಗ್ಗಿದರು. ಹಿಂದೆ ಕಾನ್‌ಸ್ಟೇಬಲ್, ಅವನ ಹಿಂದೆ ಸೆಲ್ಲಪ್ಪನ್, ಅವನ ಹಿಂದೆ ಇಡೀ ಬೀದಿ.

"ಏನಯ್ಯ ಇದು?"

ಬೆಳ್ಳಿಯಪ್ಪ ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ. ಅವನ ಕಷ್ಟ ನೀವೇ ಯೋಚನೆ ಮಾಡಿ. ಬಣ್ಣ ಅಂದರೆ, ಎಲ್ಲಿ ತೋರಿಸು ಅನ್ನುತ್ತಾರೆ. ತೋರಿಸಿದರೆ ಕಾರು ಕಾಣುತ್ತದೆ. ಕಾರು ಕಂಡರೆ ಗಾಣ.

"ರಕ್ತ ಅಂತಲೇ ಇಟ್ಟುಕೊಳ್ಳಿ ಸಾಮಿ" ಅಂದ.

"ಏನಂದೆ?"

"ಸಣ್ಣ ರಕ್ತ ಸಾಮಿ. ಮನೆಯ ಮಟ್ಟಿನದು. ಒಳಗೆ ನೋಡೋ ಅಂಥದ್ದೇನಿಲ್ಲ."

ಇನ್‌ಸ್ಪೆಕ್ಟರ್ ಕಣ್ಣು ಸನ್ನೆ ಮಾಡಿದರು. ಕಾನ್‌ಸ್ಟೇಬಲ್ ಬಾಗಿಲಿಗೆ ಹೆಗಲು ಕೊಟ್ಟ. ಅಗುಳಿ ಮುರಿಯಿತು. ಒಳಗೆ ಅರೆಗತ್ತಲೆ. ಆ ಕತ್ತಲೆಯಲ್ಲಿ ಕೆಂಪಗೆ ಒದ್ದೆಯಾದ ಒಂದು ಗುಡ್ಡೆ, ತಲೆ ಗುಂಡಿಯೊಳಗೆ, ಬೆನ್ನು ಮೇಲೆ, ಮೈಯಿಂದೆಲ್ಲ ತೊಟ್ಟಿಕ್ಕುತ್ತ ಬಿದ್ದಿತ್ತು.

"ಪಾಪಿ!" ರಾಮಾತಾಳ್ ಅಜ್ಜಿ ಎದೆ ಬಡಿದುಕೊಂಡಿತು. "ಆನೆಯನ್ನು ಕೊಂದಿದ್ದಾನೆ!"

ಕಾನ್‌ಸ್ಟೇಬಲ್ ಲಾಠಿಯ ತುದಿಯಿಂದ ಒಂದು ಲಡಿ ಎತ್ತಿದ. ದೀಪದ ಗಾಜು ಕಂಡಿತು. ಇನ್ನೊಂದು ಎತ್ತಿದ. ಬಗ್ಗಿ ಮೂತಿ ನೋಡಿ ಕೂಗಿದ, "ಸಾರ್, ಮಿಸೌರಿ!"

"ನನ್ನ ಕಾರು! ನನ್ನ ಚಿನ್ನ!" ಸೆಲ್ಲಪ್ಪನ್ ಓಡಿಬಂದು ಅದನ್ನು ತಬ್ಬಿಕೊಂಡ. ಹಬ್ಬಕ್ಕೆ ತೊಟ್ಟ ಬಿಳಿ ಅಂಗಿ ಕೆಂಪಾಯಿತು. "ಬೆಳ್ಳಿಯಣ್ಣ! ನಿಮ್ಮನ್ನು ಒಡಹುಟ್ಟಿದವನು ಅಂದುಕೊಂಡಿದ್ದೆನಲ್ಲ!"

ಬೆಳ್ಳಿಯಪ್ಪ ಯಾರೂ ಕೇಳದೆ ಎರಡು ಕೈಯನ್ನೂ ಜೋಡಿಸಿ ಬೇಡಿಗೆ ಮುಂದೆ ಚಾಚಿದ. "ಸಾಮಿ, ಒಂದೇ ಬೇಡಿಕೆ. ಗಾಣಕ್ಕೆ ಎಡಗಡೆ ಕಟ್ಟಬೇಡಿ, ನನಗೆ ಎಡ ಮೊಣಕಾಲು ನೋವು."

"ಇದು ಯಾರ ಕಾರಯ್ಯ, ಮೊದಲು ಅದು ಹೇಳು" ಅಂದರು ವ್ಯಾಸರಾಯರು.

"ಸೆಲ್ಲಪ್ಪನದೇ ಇರಬೇಕು ಸಾಮಿ. ಅವನದಲ್ಲದಿದ್ದರೆ ಇನ್ಯಾರದೋ. ನನ್ನದಂತೂ ಆಗಿರೋಕೆ ಸಾಧ್ಯವಿಲ್ಲ."

ಆಗ ಕನ್ನಿಯಮ್ಮಾಳ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಸಾಮಿ, ಇವರಿಗೆ ಹೆದರಿಕೆಗೆ ಬುದ್ಧಿ ನಿಂತಿದೆ. ಕಾರು ಅವರದ್ದಲ್ಲ, ಇವರದ್ದು. ದೊರೆ ಕೈಯಿಂದ ಇವರೇ ಕೊಂಡದ್ದು."

"ಇವರು ಅಂದರೆ ಯಾರಮ್ಮ?"

"ಇವರೇ."

"ಇಲ್ಲಿ ನಲವತ್ತು ಜನ ಇವರು ನಿಂತಿದ್ದಾರೆ. ಸಾಕ್ಷಿ ಅಂದರೆ ಹೆಸರು ಹಿಡಿದು ಹೇಳಬೇಕು."

ಬೀದಿಯವರಲ್ಲಿ ಯಾರೋ ಹೇಳಲು ಬಾಯಿ ತೆರೆದರು. "ಬೇರೆಯವರು ಯಾರೂ ಹೇಳಿಕೊಡಬಾರದು!" ಅಂತ ವ್ಯಾಸರಾಯರು ಗದರಿದರು.

ಕನ್ನಿಯಮ್ಮಾಳ್ ಕಾಲು ಮುಂದೆ ಚಾಚಿ ಬೆರಳಿನ ಉಂಗುರ ತೋರಿಸಿದಳು.

"ಕಾಲು?" ಅಂದರು ಇನ್‌ಸ್ಪೆಕ್ಟರ್. "ಕಾಲಪ್ಪನೇ?"

ತಲೆ ಅಲ್ಲಾಡಿಸಿ ಉಂಗುರವನ್ನೇ ಮುಟ್ಟಿ ತೋರಿಸಿದಳು.

"ಉಂಗುರಪ್ಪ ಅಂತ ಯಾರಾದರೂ ಇಡುತ್ತಾರೇನಮ್ಮ?"

"ಅದನ್ನು ಮಾಡಿರೋದು ಯಾವುದರಲ್ಲಿ, ಅದು ಸಾಮಿ! ಇಲ್ಲದಿದ್ದರೆ, ಸಾರಿಗೆ ಜಜ್ಜಿ ಹಾಕ್ತೀವಲ್ಲ, ಆ ನಾತದ ಗಡ್ಡೆ, ಅದರ ಮುಂದಿನ ಅರ್ಧ!"

"ಸಾರ್, ಇಂಗು ಅನ್ನುತ್ತಿದ್ದಾಳೆ" ಅಂದ ಕಾನ್‌ಸ್ಟೇಬಲ್.

ವ್ಯಾಸರಾಯರ ತಾಳ್ಮೆ ಮುಗಿಯಿತು. "ಸಾಕು. ಹೇಳುವುದಿಲ್ಲ ಅಂದರೆ ಇವನನ್ನು ಸ್ಟೇಷನ್ನಿಗೆ ನಡೆಸು."

ಕಾನ್‌ಸ್ಟೇಬಲ್ ಬೆಳ್ಳಿಯಪ್ಪನ ಭುಜದ ಮೇಲೆ ಕೈಯಿಟ್ಟ. ಬೆಳ್ಳಿಯಪ್ಪ ಒಂದು ಹೆಜ್ಜೆ ಇಟ್ಟ. ನೇರವಾಗಿ ಅಲ್ಲ, ಅಂಗಳದಲ್ಲಿ ಒಂದು ಸುತ್ತು ಹೊಡೆದ. ಆಗಲೇ ಗಾಣದ ನಡಿಗೆ ಬಂದುಬಿಟ್ಟಿತ್ತು. ಅದನ್ನು ಕಂಡ ಕನ್ನಿಯಮ್ಮಾಳ್ ಕಣ್ಣಲ್ಲಿ ನೀರು ಬಂತು. ತಾಳಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡಳು.

"ಬೆಳ್ಳಿಯಪ್ಪ!" ಅಂತ ಕೂಗಿದಳು. "ಇದು ಬೆಳ್ಳಿಯಪ್ಪನ ಕಾರು! ಸಾಕಾ ಸಾಮಿ?"

ಬೀದಿಯ ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ಮೋರಿಯಲ್ಲಿ ಹರಿಯುತ್ತಿದ್ದ ಬಣ್ಣವೂ ಒಂದು ಗಳಿಗೆ ನಿಂತ ಹಾಗೆ ನನಗೆ ಅನ್ನಿಸಿತು. ಬೆಳ್ಳಿಯಪ್ಪನ ಮುಖ ಸುಣ್ಣದ ಗೋಡೆಯಾಯಿತು. ಇಷ್ಟು ಹೊತ್ತು ಜೈಲಿಗೆ ಹೆದರಿದವನು ಈಗ ಹೆಂಡತಿಯನ್ನು ನೋಡಿ ಹಿಂದೆ ಹಿಂದೆ ಸರಿದ.

ಅದೇ ಹೊತ್ತಿಗೆ ಹೊರಗೆ 'ಏಯ್, ಸರಿಯೋ' ಅಂತ ಹಾರನ್ ಕೇಳಿಸಿತು.

ಸೆಲ್ಲಪ್ಪನ ಮೈದುನ ರಾಮಸಾಮಿ ಸೆಲ್ಲಪ್ಪನ ಕಾರಿನಿಂದ ಇಳಿದ. ಬೆಳಿಗ್ಗೆ ಯಾರನ್ನೂ ಕೇಳದೆ ಎತ್ತಿಕೊಂಡು ಕೊಯಮತ್ತೂರಿಗೆ ಹೋಗಿದ್ದನಂತೆ. ಹಿಂದಿನ ಸೀಟಿನ ತುಂಬ ಬಾಳೆಎಲೆ, ಹೂವು. "ಏನು ಮಾಮ, ಪೂಜೆಗೆ ಮೊದಲೇ ಓಕುಳಿ ಆಡಿದ್ದೀರಿ?" ಅಂತ ಕೆಂಪಾದ ಸೆಲ್ಲಪ್ಪನನ್ನು ಕೇಳಿದ.

ಕಾನ್‌ಸ್ಟೇಬಲ್ ಆಚೆಯ ಕಾರು ನೋಡಿದ, ಈಚೆಯ ಕಾರು ನೋಡಿದ. ಎರಡರ ಮೂತಿಯ ಮೇಲೂ ಮಿಸೌರಿ. ಕನ್ನಿಯಮ್ಮಾಳ್ ಮಡಿಲಿನಿಂದ ಸಿಂಹದ ಬಿಲ್ಲೆ ತೆಗೆದು ಇನ್‌ಸ್ಪೆಕ್ಟರ್ ಕೈಗಿಟ್ಟಳು. ಅದನ್ನು ಕಂಡದ್ದೇ ವ್ಯಾಸರಾಯರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ಪುಣ್ಯಾತ್ಮ! ಇದು ಅಮೆರಿಕದಲ್ಲಿ ಹುಟ್ಟಿದ ಕಾರೇ ಕಣಯ್ಯ. ಲಂಡನ್ನಿನ ದೊರೆಗಳಿಗೆ ಅಮೆರಿಕ ಅಂದರೆ ತಾತ್ಸಾರ. ಅದಕ್ಕೆ ಕಂಪನಿಯವರೇ ಆ ಕಡೆ ಕಳಿಸುವ ಕಾರಿನ ಮೂತಿಗೆ ಅಲ್ಲಿನ ಒಂದು ಕೆರೆಯ ಹೆಸರು ಹೊಡೆದು ಕಳಿಸುತ್ತಾರೆ. ನಮ್ಮ ಪೊಲೀಸಿನ ದೊಡ್ಡ ದೊರೆಯ ಕಾರಿನದೂ ಇದೇ ಕಥೆ. ಅದರ ಬಿಲ್ಲೆ ಕಳಚಿಬಿದ್ದ ದಿನ ಆತ ಊಟವನ್ನೇ ಮಾಡಲಿಲ್ಲ."

"ಕೆರೆಯ ಹೆಸರಾ?" ಸೆಲ್ಲಪ್ಪನ ಮುಖ ಅರಳಿತು. "ಅಂದರೆ ನಮ್ಮ ಕಾರಿಗೆ ಉಕ್ಕಡಂ ಅಂತ ಹೆಸರಿಟ್ಟ ಹಾಗಾಯಿತು! ಬೆಳ್ಳಿಯಣ್ಣ, ನಿಮ್ಮ ದೊರೆ ವಂಶ ಉಕ್ಕಡಂ ಕೆರೆಗೆ ಬಿತ್ತಲ್ಲ!"

"ಇಷ್ಟೇನಾ?" ಅಂದಳು ಕನ್ನಿಯಮ್ಮಾಳ್. "ತವರಲ್ಲಿ ನನ್ನ ಹೆಸರು ಚಿನ್ನತಾಯಿ. ಅತ್ತೆಯ ಹೆಸರೂ ಚಿನ್ನತಾಯಿಯೇ. ಸೊಸೆಯನ್ನು ಆ ಹೆಸರಲ್ಲಿ ಬೈಯೋಕಾಗಲ್ಲ ಅಂತ ಧಾರೆಯ ದಿನವೇ ಕನ್ನಿಯಮ್ಮಾಳ್ ಮಾಡಿದರು. ಹಾಗಂತ ನನ್ನನ್ನೇನು ಕದ್ದುಕೊಂಡು ಬಂದರಾ? ಮನೆ ಬದಲಾದರೆ ಹೆಸರು ಬದಲಾಗುತ್ತೆ. ಇದೂ ಗಂಡನ ಮನೆಗೆ ಬಂದ ಹೆಣ್ಣು, ಅಷ್ಟೇ."

"ನಾನು ಅವತ್ತೇ ಹೇಳಲಿಲ್ಲವಾ, ಒಂದೇ ತಾಯಿ ಹೆತ್ತದ್ದು ಅಂತ?" ಅಂದಿತು ರಾಮಾತಾಳ್ ಅಜ್ಜಿ. "ಪೊರೆ ನನ್ನ ಕಣ್ಣಿಗಾ, ಅವನ ಕಣ್ಣಿಗಾ?"

"ಹಾಗಾದರೆ ಕಾರುಗಳು ಅಕ್ಕ ತಂಗಿ, ನಾವಿಬ್ಬರು ಷಡ್ಡಕರು!" ಅಂತ ಸೆಲ್ಲಪ್ಪನ್ ಕೆಂಪು ಕೈಗಳಿಂದ ಬೆಳ್ಳಿಯಪ್ಪನನ್ನು ಅಪ್ಪಿಕೊಳ್ಳಲು ಹೋದ.

ಬೆಳ್ಳಿಯಪ್ಪ ಇದೊಂದನ್ನೂ ಕೇಳಿಸಿಕೊಂಡಿರಲಿಲ್ಲ. ಮುಳುಗುವವನು ಮರದ ಬೊಡ್ಡೆಗೆ ಜೋತುಬೀಳುವ ಹಾಗೆ ಇನ್‌ಸ್ಪೆಕ್ಟರ್ ತೋಳು ಹಿಡಿದುಕೊಂಡಿದ್ದ.

"ಸಾಮಿ, ಎರಡು ಸಲ ಹೇಳಿದಳು. ನಲವತ್ತು ಜನದ ಮುಂದೆ. ಜೋರಾಗಿ. ಒಂದು ಸಲಕ್ಕೆ ಎಷ್ಟು ಆಯುಸ್ಸು ಹೋಗುತ್ತೆ? ಪೊಲೀಸರು ಹೇಳಿಸಿದ್ದು ಅಂದರೆ ಏನಾದರೂ ವಿನಾಯಿತಿ ಉಂಟಾ?"

"ನನಗೇನು ಗೊತ್ತಯ್ಯ? ಅದು ಯಮಧರ್ಮನ ಸ್ಟೇಷನ್ನಿಗೆ ಸೇರಿದ್ದು" ಅಂದು ವ್ಯಾಸರಾಯರು ಊಟಕ್ಕೆ ಹೊರಟರು.

ಬೆಳ್ಳಿಯಪ್ಪ ಹೊಸ್ತಿಲ ಮೇಲೆ ಕೂತ. ವ್ಯಾಸರಾಯರು ಬಿಟ್ಟುಹೋದ ಸಿಂಹದ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿದ, ಮಗುಚಿದ, ಕಾರಿನ ಮೂತಿ ನೋಡಿದ, ಹೆಂಡತಿಯ ಮುಖ ನೋಡಿದ. ಇದ್ದಕ್ಕಿದ್ದ ಹಾಗೆ ಎದ್ದ.

"ಕೇಳಿರಪ್ಪ ಎಲ್ಲರೂ! ಇವತ್ತಿನಿಂದ ನಾನು ಬೆಳ್ಳಿಯಪ್ಪ ಅಲ್ಲ. ನನ್ನ ಹೆಸರು ಗುರುಸಾಮಿ. ಕೆಂಪು ಟೋಪಿಯ ಪೊಲೀಸಿನವನಾಗಲಿ, ಕೋಣದ ಮೇಲೆ ಬರುವವನಾಗಲಿ, ಬೆಳ್ಳಿಯಪ್ಪ ಎಲ್ಲಿ ಅಂತ ಯಾರು ಕೇಳಿದರೂ ಅಂಥವನು ಈ ಬೀದಿಯಲ್ಲಿ ಇಲ್ಲ ಅನ್ನಬೇಕು. ಚೌಡಮ್ಮನ ಆಣೆ!"

ನಾವೆಲ್ಲ ಆಣೆ ಮಾಡಿದೆವು. ಬಡಪಾಯಿ, ಬದುಕಲಿ ಅಂತ.

ಆ ಸಂಜೆ ಕನ್ನಿಯಮ್ಮಾಳ್ ಅಂಗಡಿಗೆ ಹೋದಳು. ನಾನೂ ಅಲ್ಲೇ ಇದ್ದೆ. ಎರಡು ಕೈ ಸೊಂಟದ ಮೇಲಿಟ್ಟು, ಬೀದಿಯ ಆ ತುದಿಗೆ ಕೇಳುವ ಹಾಗೆ, ಬಾಯಿ ತುಂಬ ಹೇಳಿದಳು: "ಬೆಳ್ಳುಳ್ಳಿ ಕೊಡಪ್ಪಾ! ಬೆಳ್ಳುಳ್ಳಿ!"

ಅಂಗಡಿಯವನ ಕೈಯಿಂದ ತಕ್ಕಡಿ ಜಾರಿತು. ಸಾವರಿಸಿಕೊಂಡು, "ಬೆಳ್ಳುಳ್ಳಿ ಮುಗಿದಿದೆ ತಾಯಿ, ಹೊಸ ಸರಕು ಗುರುವಾರ ಬರುತ್ತೆ" ಅಂದ.

"ಯಾವತ್ತು?"

"ಗುರುವಾರ."

ಕನ್ನಿಯಮ್ಮಾಳ್ ಬಾಯಿ ತೆರೆದಳು. ತಟ್ಟನೆ ಸೆರಗಿನಿಂದ ಮುಚ್ಚಿಕೊಂಡಳು.

"ಸರಿ" ಅಂದಳು ಮೆಲ್ಲಗೆ. "ಬುಧವಾರದ ಮಾರನೇ ದಿನ ಬರ್ತೀನಿ."